ಪಾಸ್‌ವರ್ಡ್ ಕೇಳಿದ ಸ್ಕ್ಯಾನ್ ಚಿತ್ರಗಳು

ನನ್ನ ಗೆಳೆಯನನ್ನು ಎಲ್ಲರೂ ತಡಿಯಣ್ಣ ಎನ್ನುತ್ತಿದ್ದರು. ಅವನ ಟೈಪಿಂಗ್ ಅಂಗಡಿಗೆ ಯಾರು ಎಷ್ಟೇ ಅವಸರದಲ್ಲಿ ಬರಲಿ, ಮೊದಲ ಮಾತು 'ತಡಿ'. ಅವನು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಅವನ ಬಗ್ಗೆ ಬರೆಯಲು ಕೂತರೆ ಒಂದು ಬೆಳಗೇ ಎದುರು ಬಂದು ನಿಲ್ಲುತ್ತದೆ.

ಅಂದು ಮಹಡಿ ಮನೆಯ ದರ್ಜಿ ಹೆಂಗಸು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಅವಳ ಅಕ್ಕ ಬಿದ್ದು, ತಲೆಯೊಳಗೆ ರಕ್ತಸ್ರಾವವಾಗಿ ಆಸ್ಪತ್ರೆಯಲ್ಲಿದ್ದಳು. ಆಪರೇಷನ್ ಮಾಡಬೇಕೋ ಬೇಡವೋ ಎಂದು ಬೇರೆ ಊರಿನ ದೊಡ್ಡ ಡಾಕ್ಟರು ಸ್ಕ್ಯಾನ್ ನೋಡಿ ಹೇಳಬೇಕಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವರು ಇನ್ನೊಂದು ಆಪರೇಷನ್‌ಗೆ ಹೋದರೆ ಸಂಜೆಯವರೆಗೆ ಸಿಗುವುದಿಲ್ಲ. ಇವಳು ಆಸ್ಪತ್ರೆಯ ಸೈಟಿನ ಪುಟವನ್ನೇ ಕಾಪಿ ಮಾಡಿ, ಫೈಲಿಗೆ ಅಂಟಿಸಿ ಕಳಿಸಿದ್ದಳು.

"ನಂಗೆಲ್ಲಾ ಕಾಣ್ಸುತ್ತೆ ಅಣ್ಣಾ. ಅವ್ರು ತೆರೆದ್ರೆ ಹೆಸರು, ಪಾಸ್‌ವರ್ಡ್ ಕೇಳುತ್ತಂತೆ. ಹೇಳ್ಬಿಡ್ಲಾ?"

"ತಡಿ. ಮನೆ ಬೀಗದಕೈ ಬೀದೀಲಿ ಹಂಚ್ತಾರಾ?"

"ಅಲ್ಲಿ ಅಕ್ಕನ ಜೀವ ಹೋಗ್ತಿದೆ, ನಿಂದೊಳ್ಳೆ ತಡಿ!"

ಮೂಲೆಯಲ್ಲಿದ್ದ, ನೆಟ್ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ತೆರೆದು ನೋಡದೆ ಅವನು ಯಾವ ಫೈಲನ್ನೂ ಕೊಟ್ಟವನಲ್ಲ. ಇದನ್ನೂ ಅಲ್ಲೇ ತೆರೆದ. ಅಕ್ಷರಗಳಿದ್ದವು; ಸ್ಕ್ಯಾನ್ ಇರಬೇಕಾದಲ್ಲಿ ಖಾಲಿ ಚೌಕಗಳು.

"ಚಿತ್ರ ಬಂದೇ ಇಲ್ಲ ಕಣಮ್ಮ, ಆಸ್ಪತ್ರೆ ಸೈಟಲ್ಲೇ ಕೂತಿವೆ. ಫೈಲ್ ತೆರೆದಾಗೆಲ್ಲಾ ಅಲ್ಲಿಗೆ ಹೋಗಿ ಬಾಗಿಲು ಬಡಿಯುತ್ತೆ. ನೀನು ಆಗ್ಲೇ ಒಳಗಿದ್ದೀಯ, ನಿನ್ನನ್ನ ಕೇಳಲ್ಲ. ಡಾಕ್ಟರನ್ನ 'ನೀನ್ಯಾರು' ಅಂತ ಕೇಳುತ್ತೆ."

ಅವಳ ಕೈ ಸೈಟಿನ ಪುಟ ಮುಚ್ಚಲು ಹೋಯಿತು.

"ಮುಚ್ಚಬೇಡ! ಮತ್ತೆ ಒಳಗೆ ಹೋಗೋಕೆ ಏನು ಬೇಕು?"

"ಅಕ್ಕನ ಫೋನಿಗೆ ಬರೋ ನಂಬರ್..." ಅವಳು ಕೈ ಹಿಂದೆಳೆದುಕೊಂಡಳು. ಆ ಫೋನು ಅಕ್ಕನ ಜೊತೆಗೇ ಬಿದ್ದು ಬಿರುಕುಬಿಟ್ಟಿತ್ತು; ಬೆಳಗ್ಗೆ ಇವಳು ಸೈಟಿನ ಒಳಗೆ ಹೋಗುವಾಗ ಒಮ್ಮೆ ನಂಬರ್ ತೋರಿಸಿ ಪೂರ್ತಿ ಸತ್ತುಹೋಗಿತ್ತು.

ಪುಟ ತಾನಾಗಿ ಮುಚ್ಚಿಕೊಳ್ಳುವ ಮುನ್ನ ಅವನು ಒಂದೊಂದೇ ಚಿತ್ರವನ್ನು ಲ್ಯಾಪ್‌ಟಾಪಿಗೆ ಉಳಿಸಿಕೊಂಡ. ಅಂಟಿಸಿದ್ದನ್ನು ಅಳಿಸಿ, ಉಳಿಸಿದ್ದನ್ನು ಫೈಲಿಗೆ ಸೇರಿಸಿದ. ಹಳೆಯ ಕಂಪ್ಯೂಟರಿನಲ್ಲಿ ತೆರೆದರೆ ಕೊನೆಯ ಚೌಕ ಇನ್ನೂ ಖಾಲಿ! ಕಣ್ತಪ್ಪಿ ಉಳಿದಿದ್ದ ಅದನ್ನೂ ಅಳಿಸಿ, ಆ ಚಿತ್ರವನ್ನು ಸೇರಿಸಿ ಡಾಕ್ಟರಿಗೆ ಕಳಿಸಿದ.

ಅವಳ ಫೋನು ಬಡಿದುಕೊಂಡಿತು. "ಈಗ ಕಾಣ್ತಿದೆ," ಎಂದರು ಡಾಕ್ಟರು. "ಕಾಯೋ ಹಾಗಿಲ್ಲ. ಈಗ್ಲೇ ಆಪರೇಷನ್ ಮಾಡೋಕೆ ಅಲ್ಲಿನವ್ರಿಗೆ ಹೇಳ್ತೀನಿ."

ಅವಳು ಬಿದ್ದಂಬೀಳ ಓಡಿದಳು.

ಅಕ್ಕ ಬದುಕಿದಳು, ಎಡಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ತಡಿಯಣ್ಣ ತೀರಿಕೊಂಡ ದಿನ ಅವನನ್ನು ಅಂಗಳದಲ್ಲಿ ಮಲಗಿಸಿದ್ದಾಗ ತಂಗಿಯ ಹೆಗಲು ಹಿಡಿದುಕೊಂಡು ಬಂದು ಬಹಳ ಹೊತ್ತು ನಿಂತಳು.

"ಇವ್ರ ಮುಖ ನಾನು ನೋಡ್ತಿರೋದು ಇದೇ ಮೊದಲು," ಎಂದಳು ನನಗೆ.