ಒಲೆಯ ಮೇಲಿನ ಕಡ್ಡಿ

ಬಣಕಲ್ಲಿನ ಶಶಿಧರನ ವೆಲ್ಡಿಂಗ್ ಶಾಪಿಗೆ ಬರುವವರಿಗೆಲ್ಲ ಒಂದು ಪಾಠ ಕಡ್ಡಾಯ; ಕೇಳಿದರೂ ಸರಿ, ಕೇಳದಿದ್ದರೂ ಸರಿ. ಬೆಸುಗೆಗೆ ಕರಗಿಸುವ ಕಬ್ಬಿಣದ ಕಡ್ಡಿ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಅದಕ್ಕೆ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಕಡ್ಡಿಯೇ ಬೇಕು. ಕಬ್ಬಿಣವಾದರೆ ಕರಗುವ ಮುಂಚೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸದೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅವನ ಹೆಂಡತಿ ತನುಜಾ ಹೋದದ್ದೂ ಹಾಗೆಯೇ. ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಿದವಳು ಸಂಜೆಗೆ ಇರಲಿಲ್ಲ. ಆ ಮಾತನ್ನು ಮಾತ್ರ ಅವನು ಗಿರಾಕಿಗಳಿಗೆ ಹೇಳುವುದಿಲ್ಲ.

ಅವಳು ಹೋದ ಮೇಲೆ ಶಾಪಿನ ಹಿಂದಿನ ಮನೆಯಲ್ಲಿ ಸೌದೆ ಒಲೆ ಹೊತ್ತಿಲ್ಲ. ಊಟ ತಿಂಡಿಯೆಲ್ಲ ಹೋಟೆಲಿನಲ್ಲಿ. ಅಲ್ಲೂ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಎದುರಿನ ಖಾಲಿ ಕುರ್ಚಿ ನೋಡುವುದು ಅವನಿಂದಾಗದು. ಅಭ್ಯಾಸಬಲ ನೋಡಿ, ಅಲ್ಯೂಮಿನಿಯಂ ಕಡ್ಡಿಯ ಪ್ಯಾಕೆಟ್ಟನ್ನು ಮಾತ್ರ ಇವತ್ತಿಗೂ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಾನೆ. ಕಡ್ಡಿಯ ಮೇಲಿನ ಲೇಪ ಥಂಡಿಗೆ ನೀರು ಹೀರಬಾರದೆಂದು ತನುಜಾ ಹುಡುಕಿಕೊಟ್ಟ ಜಾಗ ಅದು.

ಈ ಸಲ ಮೆಣಸು ಕೊಯ್ಲಿಗೆ ಬಾಲರಾಜ್ ತನ್ನ ಅಲ್ಯೂಮಿನಿಯಂ ಏಣಿ ತಂದ. ಒಂದು ಮೆಟ್ಟಿಲು ಬಿರುಕು ಬಿಟ್ಟಿತ್ತು. ಆ ಏಣಿಯನ್ನೇ ನಂಬಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ತುದಿಗೆ ಹತ್ತುವವನು ಅವನು.

"ಶಶಿಯಣ್ಣ, ನನ್ ಜೀವ ನಿಮ್ ಕೈಲಿದೆ," ಎಂದು ನಕ್ಕ.

ಶಶಿಧರ ವೆಲ್ಡಿಂಗ್ ಮಾಡಿದ. ಏಣಿಯಾದರೆ ಕೊಡುವ ಮೊದಲು ತಾನೇ ಹತ್ತಿ ಕುಣಿದು ನೋಡುವುದು ಅವನ ಪದ್ಧತಿ. ಕುಣಿದ. ಮೆಟ್ಟಿಲು ಕಳಚಿ ಧೊಪ್ಪನೆ ಅಂಗಳಕ್ಕೆ ಬಿದ್ದ. ಮುರಿದ ಬೆಸುಗೆಯ ಒಳಗೆಲ್ಲ ನೀರುದೋಸೆಯಂತೆ ತೂತು.

"ಕಡ್ಡಿ ಸರಿಯಾದ್ದೇ ಅಲ್ವಾ?" ಎಂದ ಬಾಲರಾಜ್, ಅವನನ್ನು ಎಬ್ಬಿಸುತ್ತಾ.

"ಸರಿಯಾದ್ದೇ ಮಾರಾಯ. ಥಂಡಿ ಹಿಡಿದಿದೆ. ನಾಳೆ ಬಾ."

ಇದೇ ಬಾಲರಾಜ್ ಮರದ ತುದಿಯಲ್ಲಿದ್ದಿದ್ದರೆ ಎಂದು ನೆನೆಯುತ್ತಾ ಶಶಿಧರ ಒಳಗೆ ಹೋಗಿ ತಣ್ಣಗಿದ್ದ ಒಲೆಯ ಮೇಲಿಂದ ಕಡ್ಡಿಯ ಪ್ಯಾಕೆಟ್ಟು ಇಳಿಸಿದ. ಎಂಥ ಪೆದ್ದ ತಾನು! ಇಷ್ಟು ವರ್ಷ ಕಡ್ಡಿ ಒಣಗಿರುತ್ತಿದ್ದದ್ದು ಅವಳು ದಿನಾ ಹಾಕುತ್ತಿದ್ದ ಬೆಂಕಿಗೆ. ಅವಳಿಲ್ಲದ ಮೇಲೂ ತಾನು ಬರೀ ಅಟ್ಟವನ್ನು ನಂಬಿಕೊಂಡು ಕೂತಿದ್ದ.

ಮರುದಿನ ಬೆಳಿಗ್ಗೆ ಹಳೆಯ ಬೂದಿ ಬಳಿದು, ಕಾಫಿ ಗಿಡದ ಸೌದೆ ಒಟ್ಟಿ ಒಲೆ ಹಚ್ಚಿದ. ತಗಡಿನ ಮೇಲೆ ಕಡ್ಡಿಗಳನ್ನು ಹರಡಿ ಕಾಯಿಸಿದ. ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಏಣಿಗೆಂದು ಬಂದ ಬಾಲರಾಜ್ ಅದನ್ನು ಕಂಡು ಹಿಗ್ಗಿದ.

"ಒಲೆ ಹಚ್ಚಿದೀರಲ್ಲ! ಮನೆಗೆ ಯಾರು ಬಂದ್ರು ಶಶಿಯಣ್ಣ?"

"ಯಾರೂ ಇಲ್ಲ ಮಾರಾಯ. ಕಡ್ಡಿ ಒಣಗಿಸ್ತಿದೀನಿ."

ಈ ಸಲ ಎಷ್ಟು ಕುಣಿದರೂ ಮೆಟ್ಟಿಲು ಅಲುಗಲಿಲ್ಲ. ಬಾಲರಾಜ್ ಏಣಿ ಹೊತ್ತು ಹೋದ. ಶಶಿಧರ ಒಳಗೆ ಬಂದ. ಒಣಗಿಸಲು ಇನ್ನೇನೂ ಉಳಿದಿರಲಿಲ್ಲ. ಆದರೂ ಒಲೆಗೆ ಮತ್ತೊಂದು ಸೌದೆ ಇಟ್ಟು, ಅದರೆದುರು ಕೂತ.