ಪಿಳ್ಳಮ್ಮನ ಉಪ್ಪಿಲ್ಲದ ಸಾರು

ನಂದಗುಡಿಯ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಡೇರಿಗೆ ಹಾಲು ಹಾಕುವವಳು ಪಿಳ್ಳಮ್ಮ. ಎರಡು ಹಸು, ಕಾಲೆಕರೆ ಕೊತ್ತಂಬರಿ, ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಬಾಯಿ ಮಾತ್ರ ಇಲ್ಲ. ನನ್ನಂಥ ಬಾಯಿಬಡುಕಿ ಪಕ್ಕದ ಮನೆಯಲ್ಲಿದ್ದೂ ಕಲಿಯಲಿಲ್ಲ.

ಅವಳ ಗಂಡ ಮುನಿಶಾಮಪ್ಪನಿಗೆ ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿತು. ಉಪ್ಪು ತಿಂದಷ್ಟೂ ನೀರು ಹೆಚ್ಚುತ್ತದೆ ಎಂದರು ಡಾಕ್ಟರು. ಅಂದಿನಿಂದ ಪಿಳ್ಳಮ್ಮ ಸಾರಿಗೆ ಒಂದು ಹರಳು ಉಪ್ಪು ಹಾಕಲಿಲ್ಲ. ತಾನೂ ಅದನ್ನೇ ಉಂಡಳು. ಆದರೂ ಸೂಜಿ ಚುಚ್ಚಿ ನೀರು ತೆಗೆಸಿದ ವಾರಕ್ಕೇ ಹೊಟ್ಟೆ ಮತ್ತೆ ಗಡಿಗೆಯಂತಾಗುತ್ತಿತ್ತು.

ಕೊನೆಗೆ ಡಾಕ್ಟರು ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ತರಲು ಹೇಳಿದರು. ಅದರಲ್ಲಿರುವ ಉಪ್ಪನ್ನು ಅಳೆದರೆ ದಿನಕ್ಕೆ ಎಷ್ಟು ತಿನ್ನುತ್ತಾನೆಂಬ ಅಂದಾಜು ಸಿಗುತ್ತದಂತೆ. ರಿಪೋರ್ಟು ನೋಡಿ ಪಿಳ್ಳಮ್ಮನನ್ನೇ ಗದರಿದರು. ಇವರು ಎಲ್ಲರ ಹಾಗೇ ಉಪ್ಪು ತಿನ್ನುತ್ತಿದ್ದಾರೆ, ಹೀಗೇ ಆದರೆ ಉಳಿಯುವುದು ಕಷ್ಟ ಎಂದರು.

ಮನೆಗೆ ಬಂದರೆ ಅತ್ತೆ ಮುತ್ಯಾಲಮ್ಮನ ಕೂಗಾಟ. ನನ್ನ ಮಗನನ್ನು ಕೊಲ್ಲಲು ಬಂದವಳು, ತೌರಿಗೆ ಅಟ್ಟುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ಮುನಿಶಾಮಪ್ಪ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ, ತುಟಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮರುವಾರ ಮುತ್ಯಾಲಮ್ಮ ನೆಂಟರ ಮನೆಯ ಸೀಮಂತಕ್ಕೆ ರಾಜಘಟ್ಟಕ್ಕೆ ಹೋದಳು. ಕಾಯಿಲೆಯ ಮಗನಿಗೆಂದು ಬೇರೆ ಪಾತ್ರೆಯಲ್ಲಿ ಮುದ್ದೆ ತೊಳಸುತ್ತಿದ್ದವಳು ಅವಳೇ. ಅಂದು ಪಿಳ್ಳಮ್ಮ ತೊಳಸಿ ಬಡಿಸಿದಳು. ಸೊಪ್ಪು ಕೊಡಲು ಹೋದ ನಾನು ಅಲ್ಲೇ ಕೂತಿದ್ದೆ. ಮುನಿಶಾಮಪ್ಪ ಒಂದು ತುತ್ತು ನುಂಗಿ ಮುಖ ಕಿವುಚಿದ.

"ಇದೇನೇ, ಮುದ್ದೆಗೆ ಉಪ್ಪೇ ಹಾಕಿಲ್ಲ?"

ಅಯ್ಯೋ ಶಿವನೇ! ನಮ್ಮಲ್ಲಿ ಮುದ್ದೆಗೆ ಯಾರು ಉಪ್ಪು ಹಾಕುತ್ತಾರೆ? ಉಪ್ಪೇನಿದ್ದರೂ ಸಾರಿಗೆ. ಪಿಳ್ಳಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. ಸಪ್ಪೆ ಸಾರಿನಲ್ಲಿ ಮಗ ಹೇಗೆ ಉಂಡಾನು ಎಂದು ಆ ತಾಯಿ ಅವನ ಮುದ್ದೆಗೇ ಉಪ್ಪು ಬೆರೆಸುತ್ತಿದ್ದಳು. ತಿನ್ನುವವನಿಗೆ ಮೊದಲ ದಿನದಿಂದಲೂ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಬೈಗುಳವೆಲ್ಲ ಇವಳಿಗೆ.

ಬಾಯಿ ತಪ್ಪಿ ಆಡಿದ್ದು ಅವನಿಗೂ ಅರಿವಾಯಿತು. ತಟ್ಟೆ ನೋಡುತ್ತಲೇ ಹೇಳಿದ.

"ಅಮ್ಮ ಆಸೆಯಿಂದ ಹಾಕ್ಕೊಡೋಳು ಕಣೇ. ಅವಳನ್ನ ಬಯ್ಸೋಕೆ ನಂಗೆ ಮನಸ್ಸು ಬರ್ಲಿಲ್ಲ."

ಪಿಳ್ಳಮ್ಮ ಸೌಟು ಕೆಳಗಿಟ್ಟಳು.

"ನನ್ನ ಬಯ್ಸೋಕೆ ಬಂತಾ?" ಅಂದಳು.