ಭಾಷಣಕ್ಕಾಗಿ ಮೆಲ್ಲಗಾದ ಎಂಜಿನ್

ಭಾಷಣ ಕೇಳುತ್ತಾ ನಿದ್ದೆಹೋದವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಭಾಷಣ ಕೇಳುತ್ತಾ ಸತ್ತುಹೋದ ಎಂಜಿನ್ನನ್ನು ನೋಡಿದ್ದೀರಾ?

ನಾನು ನೋಡಿದೆ. ಕಳೆದ ಭಾನುವಾರ, ಮಡಂತ್ಯಾರಿನಲ್ಲಿ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು.

ಆ ಎಂಜಿನ್ ನನ್ನ ಗೆಳೆಯ ಹಮೀದನದು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಚರ್ಚಾತಂಡದವರು. ನಾನು ವಿಷಯದ ಪರ, ಅವನು ವಿರೋಧ. ಆಮೇಲೆ ನಾನು ಮಾತಿನಲ್ಲೇ ಉಳಿದೆ. ಅವನು ಶಾರ್ಜಾಕ್ಕೆ ಹೋಗಿ ರೇಸ್ ಗಾಡಿಗಳ ವರ್ಕ್‌ಶಾಪ್ ಸೇರಿದ. ಮರಳಿ ಬಂದು ಮಡಂತ್ಯಾರಿನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದವನು, ಹಳೆಯ ಪಿಕಪ್ ಒಂದರ ಚಾಸಿಸ್ ಮೇಲೆ ಗುಜರಿಯ ದೊಡ್ಡ ಪೆಟ್ರೋಲ್ ಎಂಜಿನ್ ಕೂರಿಸಿ ಡ್ರ್ಯಾಗ್ ರೇಸಿನ ಟ್ರಕ್ ಕಟ್ಟತೊಡಗಿದ. ಡ್ರ್ಯಾಗ್ ರೇಸ್ ಎಂದರೆ ತಿರುವಿಲ್ಲದ ಓಟ. ನೇರ ದಾರಿ, ಎರಡು ಗಾಡಿ, ಕೆಲವೇ ಸೆಕೆಂಡು.

ಸಮಾಜ ಸುಧಾರಣೆಯ ಮಾತಾಡುವ ನಾನು ಈ ದುಂದಿನ ಆಟಕ್ಕೆ ಏಕೆ ಬೆಂಬಲ ಕೊಟ್ಟೆ? ಪ್ರಶ್ನೆ ನ್ಯಾಯವಾದದ್ದು. ಉತ್ತರ, ಹಮೀದನ ತಮ್ಮ ಸಿರಾಜ್.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಲ್ಲಿ ಸಂಜೆ ಹೊತ್ತು ಬೈಕ್ ರೇಸ್ ಮಾಡುವ ತರುಣರ ಬಗ್ಗೆ ಇದೇ ಅಂಕಣದಲ್ಲಿ ಹಲವು ಸಲ ಬರೆದಿದ್ದೇನೆ. ಸಿರಾಜ್ ಅವರೆಲ್ಲರ ನಾಯಕ. ಕಳೆದ ವರ್ಷ ಬಸ್ಸಿಗೆ ಉಜ್ಜಿಕೊಂಡು ಬಿದ್ದ. ತೊಡೆಯಲ್ಲಿ ಈಗಲೂ ರಾಡ್ ಉಂಟು, ನಡಿಗೆಯಲ್ಲಿ ಕುಂಟು ಉಂಟು. ಆದರೂ ರಸ್ತೆಯ ಆಸೆ ಹೋಗಿರಲಿಲ್ಲ. ಉಪದೇಶದಿಂದ ಹೋಗುವ ಆಸೆಯಲ್ಲ ಅದು ಎಂದು ಮನವರಿಕೆಯಾದ ಮೇಲೆ, ಹಮೀದನೂ ನಾನೂ ಸೇರಿ ಒಂದು ಸಮಿತಿ ಕಟ್ಟಿದೆವು. ಮೂಡಬಿದಿರೆಯ ಕಡೆ ಖಾಲಿ ಬಿದ್ದಿರುವ ಒಂದು ಪದವು, ಅಂದರೆ ಕೆಂಪು ಮುರಕಲ್ಲಿನ ವಿಶಾಲ ಬಯಲು, ನಮ್ಮ ಕಣ್ಣಿಗೆ ಬಿತ್ತು. ತಿಂಗಳಿಗೊಮ್ಮೆ ಅಲ್ಲಿ ಬೇಲಿ ಕಟ್ಟಿ, ಹೆಲ್ಮೆಟ್ ಹಾಕಿಸಿ, ಆಂಬುಲೆನ್ಸ್ ನಿಲ್ಲಿಸಿ ಓಡಿಸುವುದು. ರಸ್ತೆಯಲ್ಲಿ ಓಡಿಸಿದವನಿಗೆ ಆ ಪದವಿನೊಳಗೆ ಪ್ರವೇಶವಿಲ್ಲ. ಹುಡುಗರನ್ನು ಅಲ್ಲಿಗೆ ಸೆಳೆಯಲು ಹಮೀದನ ಟ್ರಕ್.

"ಪದವು ಸಿಗುವವರೆಗೆ ಬೈಕ್ ಮುಟ್ಟುವುದಿಲ್ಲ" ಎಂದು ಸಿರಾಜ್ ಅಣ್ಣನಿಗೆ ಮಾತು ಕೊಟ್ಟ. ಬೈಕಿಗೆ ಟಾರ್ಪಾಲು ಮುಚ್ಚಿ ವರ್ಕ್‌ಶಾಪಿನ ಮೂಲೆಗೆ ನಿಲ್ಲಿಸಿದ. ಇನ್ನು ಉಳಿದದ್ದು ಪದವಿನ ಮಾಲಕರ ಒಪ್ಪಿಗೆ.

ಒಪ್ಪಿಗೆ ಕೇಳುವ ಕ್ರಮ ನಮ್ಮಲ್ಲಿ ನಿಮಗೆ ಗೊತ್ತೇ ಉಂಟು. ನೇರ ಮನೆಗೆ ಹೋಗಿ ಕೇಳಬಾರದು. ಮುಖ್ಯ ಅತಿಥಿ ಮಾಡಬೇಕು. ಶಾಲು ಹೊದೆಸಿ, ಹಾರ ಹಾಕಿ, ಆಮೇಲೆ ಕೇಳಬೇಕು. ದೀಪ ಬೆಳಗಿಸುವ ಬದಲು ಮಾಲಕರ ಕೈಯಿಂದಲೇ ಟ್ರಕ್ಕಿನ ಎಂಜಿನ್ ಮೊದಲ ಬಾರಿ ಸ್ಟಾರ್ಟ್ ಮಾಡಿಸುವುದೆಂದು ಸಮಿತಿ ತೀರ್ಮಾನಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಮೀದ್ ಮಾತ್ರ ತಟ್ಟಲಿಲ್ಲ.

ಹಿಂದಿನ ದಿನ ವರ್ಕ್‌ಶಾಪಿಗೆ ಹೋದಾಗ ಅವನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಜಿನ್ನಿಗೆ ವಯರ್ ಜೋಡಿಸಿ ಕುಳಿತಿದ್ದ. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬುದನ್ನೆಲ್ಲ ಎಂಜಿನ್ನಿಗೆ ಹೇಳಿಕೊಡುವ ಲೆಕ್ಕಾಚಾರಕ್ಕೆ ಅವರು ಟ್ಯೂನ್ ಅನ್ನುತ್ತಾರೆ. (ನಾವು ಮಾತಾಡಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

"ಈ ಟ್ಯೂನಿನಲ್ಲಿ ರೇಸ್ ಓಡ್ತದಾ?" ಎಂದು ಕೇಳಿದೆ.

"ರೇಸಿನದ್ದು ಬೇರೆ ಉಂಟು. ಇದು ಮೊದಲ ಸ್ಟಾರ್ಟಿಗೆ ಮಾತ್ರ. ಒಳಗೆ ಹೊಸ ಕ್ಯಾಮ್ ಹಾಕಿದ್ದೇನೆ, ವಾಲ್ವ್ ಎತ್ತುವ ದಂಡ. ಅದರ ಉಬ್ಬುಗಳು ಪಳಗಬೇಕು. ಅದಕ್ಕೆ ಸ್ಟಾರ್ಟ್ ಆದ ಕೂಡ್ಲೇ ಇಪ್ಪತ್ತು ನಿಮಿಷ ಜೋರಾಗಿಯೇ ಓಡುವ ಹಾಗೆ ಬರೆದಿದ್ದೇನೆ. ಜೋರಾದರೆ ಮಾತ್ರ ಆಯಿಲ್ ಚಿಮ್ಮಿ ಅಲ್ಲಿಗೆ ಮುಟ್ತದೆ."

"ನಡುವೆ ನಿಲ್ಲಿಸಿದರೆ?"

"ನಿಲ್ಲಿಸಿದರೆ ತೊಂದರೆ ಇಲ್ಲ, ಪುನಃ ಸ್ಟಾರ್ಟ್ ಮಾಡುವ. ಮೆಲ್ಲಗೆ ಮಾತ್ರ ಮಾಡ್ಲಿಕ್ಕಿಲ್ಲ. ಮಾಡಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೆದು ಹೋಗ್ತದೆ." ಅವನು ನನ್ನನ್ನು ನೋಡಿ ನಕ್ಕ. "ನಿನ್ನ ಭಾಷಣದ ಹಾಗೆಯೇ ಮಾರಾಯ. ಶುರುವಿನಿಂದಲೇ ಏರುಧ್ವನಿ."

ಭಾನುವಾರ ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಪ್ರಾಸ್ತಾವಿಕ ಆಯಿತು. ಮಾಲಕರು ಟ್ರಕ್ಕಿನ ಕೀ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡು ಅಬ್ಬರಿಸಿತು. ಶಾಮಿಯಾನದ ಬಟ್ಟೆ ನಡುಗಿತು. ಹಮೀದನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. ಸಿರಾಜ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ.

ಮಾಲಕರು ವೇದಿಕೆ ಹತ್ತಿ ಮೈಕ್ ಹಿಡಿದರು. ಏನೂ ಕೇಳಿಸಲಿಲ್ಲ.

"ಅದನ್ನು ಸ್ವಲ್ಪ ಮೆಲ್ಲಗೆ ಮಾಡಿ," ಎಂದರು.

ಹಮೀದ್ ಓಡಿಹೋಗಿ ಕೀಗೆ ಕೈ ಹಾಕಿದ.

"ಏ, ನಿಲ್ಲಿಸ್ಬೇಡಿ ಮಾರಾಯ್ರೆ! ನಾನು ಈಗಷ್ಟೇ ಸ್ಟಾರ್ಟ್ ಮಾಡಿದ್ದು. ಹಚ್ಚಿದ ದೀಪ ಯಾರಾದರೂ ಆರಿಸ್ತಾರಾ? ಮೆಲ್ಲಗೆ ಮಾಡಿದರೆ ಸಾಕು."

"ಸಾರ್, ಮೆಲ್ಲಗೆ ಮಾಡಿದರೆ ಹಾಳಾಗ್ತದೆ. ನಿಲ್ಲಿಸ್ತೇನೆ, ನಿಮ್ಮ ಮಾತು ಮುಗಿದ ಮೇಲೆ ಪುನಃ..."

"ಅಪಶಕುನ ಅದು. ನಾನು ಐದು ನಿಮಿಷ ಮಾತಾಡುವುದು, ಅಷ್ಟೇ."

ನಾನು ಎದ್ದು ನಿಂತೆ. ವಾದ ಮನಸ್ಸಿನಲ್ಲಿ ಸಿದ್ಧವಾಗಿತ್ತು: ದೀಪದ ಉದ್ದೇಶ ಬೆಳಕು, ಎಂಜಿನ್ನಿನ ಉದ್ದೇಶ ಓಟ, ಆದ್ದರಿಂದ ಹೋಲಿಕೆ ಸಲ್ಲದು. ಹಮೀದ್ ನನ್ನ ಅಂಗಿಯ ತೋಳು ಹಿಡಿದೆಳೆದ.

"ಕೂತ್ಕೊ. ನೀನು ವಾದ ಗೆದ್ದರೆ ಪದವು ಹೋಗ್ತದೆ. ಎಂಜಿನ್ ಇನ್ನೊಂದು ಕಟ್ಟುವ."

ಲ್ಯಾಪ್‌ಟಾಪ್ ತೆರೆದು ಏನೋ ಒತ್ತಿದ. ಅಬ್ಬರ ಇಳಿದು ಗುರುಗುಟ್ಟುವಿಕೆಯಾಯಿತು. ಮಾಲಕರು ತೃಪ್ತಿಯಿಂದ ತಲೆದೂಗಿದರು.

ಮಾತಿನ ವಿಷಯ, ಯುವಶಕ್ತಿ ಮತ್ತು ವೇಗ. ಐದು ನಿಮಿಷ ಯಾವಾಗಲೋ ಕಳೆದುಹೋಯಿತು. ಚರ್ಚಾಸ್ಪರ್ಧೆಯಲ್ಲಾದರೆ ಬೆಲ್ ಹೊಡೆಯುತ್ತಿದ್ದರು. ನಮ್ಮ ಸಭೆಗಳಲ್ಲಿ ಬೆಲ್ ಯಾರ ಕೈಯಲ್ಲಿದೆ? ಮಾಲಕರು ಹೇಳುತ್ತಿದ್ದ ತಮ್ಮ ಅಜ್ಜಂದಿರ ಕಥೆಯ ನಡುವೆ ಎಂಜಿನ್ನಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಚಿಕ್ಕ ಸದ್ದು. ಸಭಿಕರು ಯಾರೂ ಗಮನಿಸಲಿಲ್ಲ. ಹಮೀದ್ ಕಣ್ಣು ಮುಚ್ಚಿದ.

ಭಾಷಣ ಮುಗಿಯಿತು. ಬಾನೆಟ್ಟಿನ ಮೇಲೆ ಕೈ ಇಟ್ಟು ಮಾಲಕರ ಫೋಟೋ ಆಯಿತು. ಊಟವಾದ ಮೇಲೆ ಹಮೀದ್ ಆಯಿಲ್ ಇಳಿಸಿದ. ಬೆಳ್ಳಿಯ ಪುಡಿ ಕಲಸಿದಂತೆ ಮಿನುಗುತ್ತಿತ್ತು.

"ಕ್ಯಾಮಿನ ಉಬ್ಬು," ಎಂದ.

ಮೂಢನಂಬಿಕೆಯ ವಿರುದ್ಧ ನಾನು ಊರೂರು ತಿರುಗಿ ಮಾತಾಡಿದ್ದೇನೆ. ಆದರೆ ಮಾಲಕರನ್ನೊಬ್ಬರನ್ನೇ ದೂರಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾವೆಲ್ಲರೂ ಸೇರಿಯೇ ಅವರಿಗೆ ಆ ಮೈಕ್ ಕೊಟ್ಟದ್ದಲ್ಲವೇ? ಶಂಕುಸ್ಥಾಪನೆಯ ಕಲ್ಲುಗಳು ಹುಲ್ಲಿನಲ್ಲಿ ಮುಚ್ಚಿಹೋಗಿರುವ ಎಷ್ಟು ಬಯಲುಗಳಿಲ್ಲ ನಮ್ಮ ತಾಲೂಕುಗಳಲ್ಲಿ? ಶುರು ಮಾಡುವುದರಲ್ಲಿ ನಮಗಿರುವ ಸಂಭ್ರಮ, ಶುರುವಾದದ್ದು ಬದುಕಲಿ ಎಂಬ ಕಾಳಜಿಯಾಗಿ ಯಾವಾಗ ಬದಲಾದೀತು? ನನಗೆ ಭರವಸೆ ಕಡಿಮೆಯಾಗುತ್ತಿದೆ.

ಬುಧವಾರ ಮಾಲಕರಿಗೆ ಫೋನ್ ಮಾಡಿದೆ. ಹಮೀದ್ ಪಕ್ಕದಲ್ಲೇ ನಿಂತಿದ್ದ. ಸಿರಾಜ್ ಬಾಗಿಲಲ್ಲಿ.

"ಪದವಾ? ನಾನು ಅವತ್ತೇ ಯೋಚನೆ ಮಾಡಿದೆ," ಎಂದರು ಮಾಲಕರು. ಬಹಳ ಸೌಜನ್ಯದ ಧ್ವನಿ. "ನೋಡಿ, ನಾನು ಅಷ್ಟು ಹೊತ್ತು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಆ ಗಾಡಿಯಲ್ಲಿ ದಮ್ಮಿಲ್ಲ. ಟಿಕ್ ಟಿಕ್ ಅಂತದೆ. ಅಂಥದಕ್ಕೆಲ್ಲ ಅಷ್ಟು ದೊಡ್ಡ ಪದವು ಯಾಕೆ ಹೇಳಿ?"

ಅವರು ಹೇಳಿದ್ದನ್ನು ನಾನು ಅಣ್ಣತಮ್ಮಂದಿರಿಗೆ ಹಾಗೆಯೇ ಹೇಳಿದೆ. ಹಮೀದ್ ಬೆಂಚಿನ ಮೇಲೆ ಕುಳಿತ. ಸಿರಾಜ್ ಕುಂಟುತ್ತಾ ಮೂಲೆಗೆ ಹೋಗಿ ಟಾರ್ಪಾಲು ಎಳೆದ.

"ಸಿರಾಜ್, ಬೇಡ," ಎಂದ ಹಮೀದ್.

"ಪದವು ಸಿಗುವವರೆಗೆ ಅಂತಲ್ವಾ ಅಣ್ಣ ಮಾತು ಕೊಟ್ಟದ್ದು? ಇನ್ನು ಎಂತ ಸಿಗ್ಲಿಕ್ಕುಂಟು?"

ತಿಂಗಳುಗಟ್ಟಲೆ ನಿಂತಿದ್ದ ಆ ಬೈಕ್, ಯಾವ ಅತಿಥಿಯೂ ಇಲ್ಲದೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.